ವಿದೇಶದಲ್ಲಿ ಹಣ ಬದಲಾವಣೆ: ಯಾವ ಸೇವೆ ಜೇಬಿಗೆ ಎಷ್ಟು ಕತ್ತರಿ ಹಾಕುತ್ತದೆ?

ವಿದೇಶದಲ್ಲಿ ಹಣ ಬದಲಾಯಿಸುವವರು ಸಾಮಾನ್ಯವಾಗಿ ನೋಡುವುದು ಒಂದನ್ನೇ, ಬೋರ್ಡಿನ ಮೇಲಿನ ದರ. ಆದರೆ ದರ ಚೆನ್ನಾಗಿರುವ ಕಡೆ ಎಣಿಕೆಯಲ್ಲಿ ಕಳೆದುಕೊಳ್ಳಬಹುದು. ಕಮಿಷನ್ ಇಲ್ಲದ ಕಡೆ ದರದಲ್ಲೇ ಕಳೆದುಕೊಳ್ಳಬಹುದು. ಎರಡೂ ನೆಟ್ಟಗಿರುವ ಎಟಿಎಂನಲ್ಲಿ ಒಂದು ಗುಂಡಿ ತಪ್ಪಾಗಿ ಒತ್ತಿದರೂ ಸಾಕು. ಹಾಗಾಗಿ ಇಲ್ಲಿ ಪ್ರತಿ ಸೇವೆಯನ್ನೂ ಎರಡು ಪ್ರಶ್ನೆ ಹಾಕಿ ತೂಗಿದ್ದೇವೆ. ಎಲ್ಲ ಕಳೆದು ಕೈಗೆ ಎಷ್ಟು ಬರುತ್ತದೆ? ‘ಬೇಡ, ನನ್ನ ಹಣ ನನಗೆ ಕೊಡಿ’ ಎನ್ನಲು ಯಾವ ಹಂತದವರೆಗೆ ಅವಕಾಶವಿದೆ? ಮೊದಲನೆಯದರಲ್ಲಿ ಸೋತರೆ ನೂರಕ್ಕೆ ಐದೋ ಹತ್ತೋ ಹೋಗುತ್ತದೆ. ಎರಡನೆಯದರಲ್ಲಿ ಸೋತರೆ ಪೂರ್ತಿ ಹೋಗಬಹುದು. ಅಂಕ ಕೊಡುವಾಗ ಎರಡನೆಯದಕ್ಕೇ ಹೆಚ್ಚು ತೂಕ ಕೊಟ್ಟಿದ್ದೇವೆ.

ಬೋರ್ಡ್ ಓದುವುದು

ದೊಡ್ಡ ಬ್ಯಾಂಕುಗಳು ತಮ್ಮತಮ್ಮಲ್ಲಿ ಕೊಟ್ಟು ತೆಗೆದುಕೊಳ್ಳುವ ದರಗಳ ನಟ್ಟನಡುವಿನ ಸಂಖ್ಯೆಗೆ ಮಧ್ಯದರ ಎನ್ನುತ್ತಾರೆ. ಫೋನಿನಲ್ಲಿ ಎರಡು ಕರೆನ್ಸಿಗಳ ಹೆಸರು ಹಾಕಿ ಹುಡುಕಿದರೆ ಕಾಣುವುದು ಇದೇ. ನೋಟು ಕೊಟ್ಟು ನೋಟು ತೆಗೆದುಕೊಳ್ಳುವವರಿಗೆ ಇದು ಸಿಗುವುದಿಲ್ಲ, ಸಿಗಬೇಕೆಂದು ವಾದಿಸುವುದೂ ತರವಲ್ಲ. ನೋಟು ತರಿಸಿಕೊಂಡು, ಕಾಯ್ದು, ಎಣಿಸಿ ಕೊಡುವುದಕ್ಕೆ ಅಂಗಡಿಯವರಿಗೂ ಖರ್ಚಿದೆ. ಆದರೆ ಯಾರು ಎಷ್ಟು ಹೊಡೆಯುತ್ತಿದ್ದಾರೆ ಎಂದು ಅಳೆಯಲು ಇದಕ್ಕಿಂತ ನೆಟ್ಟಗಿನ ಅಳತೆಗೋಲಿಲ್ಲ. ಕೌಂಟರಿಗೆ ಹೋಗುವ ಮೊದಲೇ ನೋಡಿ, ಬರೆದಿಟ್ಟುಕೊಳ್ಳಿ. ಅಲ್ಲಿ ಹೋದಮೇಲೆ ಇಂಟರ್ನೆಟ್ ಇರುತ್ತದೆಂಬ ಭರವಸೆ ಇಲ್ಲ.

ಬೋರ್ಡಿನಲ್ಲಿ ಪ್ರತಿ ಕರೆನ್ಸಿಯ ಎದುರು ಎರಡು ಸಂಖ್ಯೆ ಇರುತ್ತವೆ, ‘ಕೊಳ್ಳುವ ದರ’ ಮತ್ತು ‘ಮಾರುವ ದರ’. ಎರಡೂ ಅಂಗಡಿಯವರ ಕಡೆಯಿಂದ ಹೇಳಿದ ಮಾತು. ನೀವು ಡಾಲರ್ ಕೊಟ್ಟರೆ ಅವರು ಡಾಲರ್ ಕೊಳ್ಳುತ್ತಾರೆ, ಹಾಗಾಗಿ ನಿಮಗೆ ಅನ್ವಯಿಸುವುದು ಕೊಳ್ಳುವ ದರ. ಗೊಂದಲವಾದರೆ ಇಷ್ಟು ನೆನಪಿಡಿ: ಎರಡರಲ್ಲಿ ನಿಮಗೆ ಯಾವುದು ನಷ್ಟವೋ ಅದೇ ನಿಮ್ಮದು. ಕೆಲವು ಅಂಗಡಿಗಳು ಬೀದಿಗೆ ಕಾಣುವ ದೊಡ್ಡ ಬೋರ್ಡಿನಲ್ಲಿ ಮಾರುವ ದರ ಮಾತ್ರ ಹಾಕಿ, ಕೊಳ್ಳುವ ದರವನ್ನು ಒಳಗೆ ಅಂಗೈಯಗಲದ ಚೀಟಿಯಲ್ಲಿ ಅಂಟಿಸಿರುತ್ತವೆ. ಬೀದಿಯಲ್ಲಿ ಒಳ್ಳೆಯ ದರ ಕಂಡಿತೆಂದು ಒಳಗೆ ಹೋದವರು ಮೋಸಹೋಗುವುದು ಇಲ್ಲೇ.

ಒಂದು ಲೆಕ್ಕ ಮಾಡಿ ನೋಡೋಣ. ಕರೆನ್ಸಿಯ ಹೆಸರು ಬೇಡ, ನಿಮ್ಮ ಹಣ ‘ಅ’, ಅಲ್ಲಿನ ಹಣ ‘ಬ’ ಎಂದಿರಲಿ. ಮೊದಲ ಅಂಗಡಿ ‘ಕಮಿಷನ್ ಸೊನ್ನೆ’ ಎಂದು ಬರೆದಿದೆ. ಒಂದು ‘ಅ’ಗೆ ಕೊಳ್ಳುವ ದರ 88 ‘ಬ’, ಮಾರುವ ದರ 104. ಎರಡರ ಸರಾಸರಿ 96, ಅಂದರೆ ಹೆಚ್ಚುಕಡಿಮೆ ಮಧ್ಯದರ. ನೀವು 500 ಕೊಟ್ಟರೆ 44,000 ಸಿಗುತ್ತದೆ. ಮಧ್ಯದರದಲ್ಲಿ 48,000 ಆಗಬೇಕಿತ್ತು. ಕಮಿಷನ್ ಸೊನ್ನೆಯಾದರೂ ಹೋದದ್ದು 4,000, ಅಂದರೆ ಶೇ 8ಕ್ಕಿಂತ ಹೆಚ್ಚು. ಪಕ್ಕದ ಅಂಗಡಿಯಲ್ಲಿ ದರ 95.20, ಜೊತೆಗೆ ಶೇ 1.5 ಕಮಿಷನ್, ಕನಿಷ್ಠ 400. ಅಲ್ಲಿ 500ಕ್ಕೆ 47,600 ಬಂದು, 714 ಕಮಿಷನ್ ಕಳೆದು ಕೈಗೆ 46,886. ಕಮಿಷನ್ ಹಾಕುವ ಅಂಗಡಿಯಲ್ಲೇ 2,886 ಹೆಚ್ಚು.

ಅದೇ 50 ಮಾತ್ರ ಬದಲಾಯಿಸಿ ನೋಡಿ. ಮೊದಲ ಅಂಗಡಿ 4,400 ಕೊಡುತ್ತದೆ. ಎರಡನೆಯದು 4,760ರಲ್ಲಿ ಕನಿಷ್ಠ ಕಮಿಷನ್ 400 ಮುರಿದುಕೊಂಡು 4,360. ಫಲಿತಾಂಶ ತಲೆಕೆಳಗಾಯಿತು. ಈ ಎರಡು ಅಂಗಡಿಗಳ ನಡುವಿನ ಗಡಿ ಸುಮಾರು 56. ಅದಕ್ಕಿಂತ ಕಡಿಮೆ ಬದಲಾಯಿಸುವವರಿಗೆ ಮೊದಲನೆಯದೇ ಲೇಸು. ‘ಇಂಥ ಅಂಗಡಿ ಅಗ್ಗ’ ಎಂಬ ಸಲಹೆಯನ್ನು ಮೊತ್ತ ಹೇಳದೆ ಯಾರಾದರೂ ಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ ಎನ್ನುವುದು ಇದಕ್ಕೇ. ಕೌಂಟರಿನಲ್ಲಿ ಕೇಳಬೇಕಾದದ್ದು ದರವನ್ನೂ ಅಲ್ಲ, ಕಮಿಷನ್ನನ್ನೂ ಅಲ್ಲ. ‘ನಾನು 500 ಕೊಟ್ಟರೆ ಎಲ್ಲ ಕಳೆದು ನನ್ನ ಕೈಗೆ ಎಷ್ಟು ಕೊಡುತ್ತೀರಿ? ಚೀಟಿಯಲ್ಲಿ ಬರೆಯಿರಿ.’ ಭಾಷೆ ಬಾರದಿದ್ದರೆ ಫೋನಿನ ಕ್ಯಾಲ್ಕುಲೇಟರಿನಲ್ಲಿ ಕೊಡುವ ಮೊತ್ತ ಒತ್ತಿ ತೋರಿಸಿ, ಉತ್ತರವನ್ನು ಅದರಲ್ಲೇ ಒತ್ತಿಸಿಕೊಳ್ಳಿ. ಅವರ ಕ್ಯಾಲ್ಕುಲೇಟರನ್ನು ನಂಬಬೇಡಿ, ಬೇಕೆಂದೇ ತಪ್ಪು ಲೆಕ್ಕ ತೋರಿಸುವಂತೆ ತಿದ್ದಿದ ಯಂತ್ರಗಳೂ ಇರುತ್ತವೆ.

ಬೋರ್ಡಿನ ಕೆಳತುದಿಯನ್ನೂ ಓದಿ. ‘ಈ ದರ ಇಷ್ಟು ಮೊತ್ತಕ್ಕಿಂತ ಹೆಚ್ಚಿನದಕ್ಕೆ ಮಾತ್ರ’ ಎಂಬ ಸಾಲು ಇರುವೆಯಷ್ಟು ಅಕ್ಷರದಲ್ಲಿ ಅಲ್ಲಿರುತ್ತದೆ. ಡಾಲರ್ ವಿಷಯದಲ್ಲಿ ಇನ್ನೊಂದು ಭೇದವೂ ಉಂಟು. ಹಲವು ದೇಶಗಳಲ್ಲಿ 100 ಮತ್ತು 50ರ ನೋಟಿಗೆ ಒಂದು ದರ, 20ಕ್ಕಿಂತ ಕೆಳಗಿನವಕ್ಕೆ ಅದಕ್ಕಿಂತ ಕಡಿಮೆ ದರ. ಚಿಲ್ಲರೆ ನೋಟು ಒಯ್ದವರು ಅಲ್ಲಿ ಹೋಗಿ ಪೇಚಾಡುತ್ತಾರೆ.

ಕೌಂಟರುಗಳು

ವಿಮಾನನಿಲ್ದಾಣದ ಕೌಂಟರಿಗೆ ದರದಲ್ಲಿ ಹತ್ತಕ್ಕೆ ಎರಡು, ಭದ್ರತೆಯಲ್ಲಿ ಎಂಟು. ಜಾಗದ ಬಾಡಿಗೆ ಹೆಚ್ಚು, ಗಿರಾಕಿಗೆ ಬೇರೆ ದಾರಿ ಇಲ್ಲ. ಆ ಎರಡೂ ಸೇರಿ ದರ ಹಾಗೆ ಆಗಿರುತ್ತದೆ. ಆದರೆ ಅಲ್ಲಿ ಪರವಾನಗಿ ಇರುತ್ತದೆ, ಕ್ಯಾಮೆರಾ ಇರುತ್ತದೆ, ಎಣಿಸುವ ಯಂತ್ರ ಇರುತ್ತದೆ, ರಸೀದಿ ಕೊಡುತ್ತಾರೆ. ಊರು ಸೇರಲು ಬೇಕಾಗುವಷ್ಟು, ಅಂದರೆ ಬಸ್ಸೋ ಟ್ಯಾಕ್ಸಿಯೋ ಮತ್ತು ಒಂದು ಊಟಕ್ಕೆ ಸಾಕಾಗುವಷ್ಟು ಮಾತ್ರ ಇಲ್ಲಿ ಬದಲಾಯಿಸಿ. ಅಷ್ಟು ಸಣ್ಣ ಮೊತ್ತದಲ್ಲಿ ಕೆಟ್ಟ ದರದ ಪೆಟ್ಟೂ ಸಣ್ಣದೇ. ಬ್ಯಾಗೇಜ್ ಬೆಲ್ಟಿನ ಹತ್ತಿರದ ಕೌಂಟರಿಗೂ, ಹೊರಗೆ ಬಂದಮೇಲೆ ಸಿಗುವ ಕೌಂಟರಿಗೂ ದರ ಬೇರೆ ಇರುವುದುಂಟು. ಅವಸರವಿಲ್ಲದಿದ್ದರೆ ಎರಡನ್ನೂ ನೋಡಿ.

ಹೋಟೆಲಿನ ಸ್ವಾಗತ ಮೇಜು ಮೋಸ ಮಾಡುವುದು ಅಪರೂಪ, ಒಳ್ಳೆಯ ದರ ಕೊಡುವುದು ಇನ್ನೂ ಅಪರೂಪ. ರಾತ್ರಿ ಹನ್ನೊಂದಕ್ಕೆ ಬೇರೆಲ್ಲ ಮುಚ್ಚಿದಾಗ ಸರಿ.

ಬ್ಯಾಂಕ್ ಶಾಖೆಯಲ್ಲಿ ಖೋಟಾ ನೋಟು ಬರುವ ಭಯ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಪಾಸ್‌ಪೋರ್ಟ್ ಕೇಳುತ್ತಾರೆ, ಟೋಕನ್ ಹಿಡಿದು ಕೂರಿಸುತ್ತಾರೆ, ಎಷ್ಟೋ ಶಾಖೆಗಳು ತಮ್ಮ ಖಾತೆದಾರರಲ್ಲದವರಿಗೆ ಬದಲಾಯಿಸಿಕೊಡುವುದೇ ಇಲ್ಲ. ಬೆಳಿಗ್ಗೆ ಹೋಗಿ, ಮೊದಲು ಅದನ್ನೇ ಕೇಳಿ.

ದರ, ಭದ್ರತೆ ಎರಡೂ ಒಟ್ಟಿಗೆ ಸಿಗುವುದು ಊರೊಳಗಿನ ಪರವಾನಗಿ ಪಡೆದ ವಿನಿಮಯ ಅಂಗಡಿಗಳಲ್ಲಿ, ಅದರಲ್ಲೂ ಒಂದೇ ಬೀದಿಯಲ್ಲಿ ಮೂರುನಾಲ್ಕು ಅಂಗಡಿ ಇರುವ ಕಡೆ. ಪೈಪೋಟಿ ಇರುವಲ್ಲಿ ಕೊಳ್ಳುವ ಮತ್ತು ಮಾರುವ ದರದ ಅಂತರ ತಾನಾಗಿಯೇ ಕುಗ್ಗುತ್ತದೆ. ನಮ್ಮ ಲೆಕ್ಕದಲ್ಲಿ ಹತ್ತಕ್ಕೆ ಎಂಟು. ಪರವಾನಗಿಯನ್ನು ನೋಡಿಯೇ ಒಳಗೆ ಹೋಗಿ. ಎಷ್ಟೋ ದೇಶಗಳ ಕೇಂದ್ರ ಬ್ಯಾಂಕುಗಳು ಪರವಾನಗಿದಾರರ ಪಟ್ಟಿಯನ್ನು ತಮ್ಮ ಜಾಲತಾಣದಲ್ಲಿ ಹಾಕಿರುತ್ತವೆ. ಇಂಡೊನೇಷ್ಯಾದಲ್ಲಿ ಕೇಂದ್ರ ಬ್ಯಾಂಕಿನ ಲಾಂಛನವನ್ನು ಅಂಗಡಿಯಲ್ಲಿ ಕಾಣುವಂತೆ ಹಾಕಿರುತ್ತಾರೆ. ಸುತ್ತಲಿನ ಎಲ್ಲ ಅಂಗಡಿಗಳಿಗಿಂತ ಎದ್ದು ಕಾಣುವಷ್ಟು ಒಳ್ಳೆಯ ದರ ಒಂದೇ ಅಂಗಡಿಯಲ್ಲಿದ್ದರೆ, ಅದರಲ್ಲೂ ಅದು ಮಧ್ಯದರವನ್ನೇ ಮೀರಿದ್ದರೆ, ಅಲ್ಲಿಂದ ಕಾಲುತೆಗೆಯಿರಿ. ನಷ್ಟದ ವ್ಯಾಪಾರ ಯಾರೂ ಮಾಡುವುದಿಲ್ಲ. ಆ ನಷ್ಟವನ್ನು ಎಣಿಕೆಯಲ್ಲಿ ತುಂಬಿಕೊಳ್ಳುತ್ತಾರೆ.

‘ಬೇಡ’ ಎನ್ನುವ ಹಕ್ಕನ್ನು ಕಾನೂನಿನಲ್ಲೇ ಬರೆದ ಝೆಕ್ ಗಣರಾಜ್ಯಕ್ಕೆ ಇಲ್ಲಿ ಶಹಬ್ಬಾಸ್ ಹೇಳಬೇಕು. ಅಲ್ಲಿ 2019ರ ಏಪ್ರಿಲ್ 1ರಿಂದ ವಿನಿಮಯ ಅಂಗಡಿಯಲ್ಲಿ 1,000 ಯೂರೊ ಮೌಲ್ಯದವರೆಗಿನ ಬದಲಾವಣೆಯನ್ನು 3 ಗಂಟೆಯೊಳಗೆ ರದ್ದು ಮಾಡಿಸಬಹುದು. ಅದಕ್ಕೆ ರಸೀದಿ ಬೇಕು, ಕೊಟ್ಟ ನೋಟನ್ನು ಹಿಂದಿರುಗಿಸಬೇಕು. ಪ್ರಾಗ್‌ನಲ್ಲಿ ಪ್ರವಾಸಿಗರನ್ನು ಕೆಟ್ಟ ದರಕ್ಕೆ ಕೆಡವುವ ಅಂಗಡಿಗಳ ಕಾಟ ಅಷ್ಟಿತ್ತು. ಬೇರೆಲ್ಲ ಕಡೆ ನೋಟು ಕೈಬದಲಾದ ಕ್ಷಣಕ್ಕೆ ಮಾತು ಮುಗಿಯಿತು ಎಂದೇ ತಿಳಿದು ನಡೆದುಕೊಳ್ಳಿ.

ಬೀದಿಯಲ್ಲಿ ಪಕ್ಕಕ್ಕೆ ಬಂದು ‘ಚೇಂಜ್, ಚೇಂಜ್’ ಎನ್ನುವವರಿಗೆ ಅಂಕ ಇಲ್ಲ. ಎಷ್ಟೋ ದೇಶಗಳಲ್ಲಿ ಅದು ಅಪರಾಧ, ಸಿಕ್ಕಿಬಿದ್ದರೆ ಕೊಟ್ಟವರ ಜೊತೆ ತೆಗೆದುಕೊಂಡವರೂ ಸಿಕ್ಕಿಬೀಳುತ್ತಾರೆ. ಅದಿರಲಿ, ಕೈಗೆ ಬರುವ ನೋಟು ಆ ದೇಶದ್ದೇ ಎಂಬ ಖಾತ್ರಿಯೂ ಇಲ್ಲ. ಬೆಲರೂಸ್ 2016ರ ಜುಲೈ 1ರಂದು ತನ್ನ ರೂಬಲ್‌ನಿಂದ ನಾಲ್ಕು ಸೊನ್ನೆ ಕಿತ್ತುಹಾಕಿತು. ಹಾಗೆ ರದ್ದಿಯಾದ ಹಳೆಯ ನೋಟುಗಳನ್ನು ಪ್ರಾಗ್‌ನ ಬೀದಿಗಳಲ್ಲಿ ಝೆಕ್ ಕೊರುನಾ ಎಂದು ಪ್ರವಾಸಿಗರ ಕೈಗೆ ತುರುಕಿದವರಿದ್ದಾರೆ.

ಎಣಿಕೆಯ ಅರ್ಧ ನಿಮಿಷ

ಕೈಚಳಕ ನಡೆಯುವ ರೀತಿ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕೌಂಟರಿನವನು ನೋಟುಗಳನ್ನು ಹತ್ತು ಹತ್ತರ ಗುಡ್ಡೆ ಮಾಡಿ ನಿಮ್ಮ ಕಣ್ಣೆದುರೇ ಎಣಿಸುತ್ತಾನೆ. ನೀವೂ ಎಣಿಸುತ್ತೀರಿ. ಒಂದು ನೋಟು ಕಡಿಮೆ. ಹೇಳಿದ ಕೂಡಲೇ ಅವನು ತಲೆ ಚಚ್ಚಿಕೊಂಡು, ಕ್ಷಮೆ ಕೇಳಿ, ಕಂತೆಯನ್ನು ವಾಪಸ್ ತೆಗೆದುಕೊಂಡು, ಮೇಜಿಗೆ ಕುಟ್ಟಿ ಅಂಚು ಸರಿಮಾಡುತ್ತಾ, ಕಡಿಮೆಯಿದ್ದ ಆ ಒಂದು ನೋಟನ್ನು ಎಲ್ಲರಿಗೂ ಕಾಣುವಂತೆ ಮೇಲಿಡುತ್ತಾನೆ. ಆ ಕುಟ್ಟುವ ಹೊತ್ತಿನಲ್ಲೇ ಕೆಳಗಿನ ಐದಾರು ನೋಟು ಮೇಜಿನ ಆಚೆ ಅವನ ಕಾಲಬಳಿ ಬಿದ್ದಿರುತ್ತವೆ. ನೀವು ಈಗಾಗಲೇ ಎಣಿಸಿದ್ದೀರಿ, ಕಡಿಮೆಯಿದ್ದದ್ದೂ ಸೇರಿತು, ಮತ್ತೆ ಎಣಿಸುವ ಮನಸ್ಸಾಗುವುದಿಲ್ಲ. ಮೊದಲ ಎಣಿಕೆಯಲ್ಲಿ ಒಂದು ನೋಟು ಕಡಿಮೆಯಾದದ್ದು ಕೈತಪ್ಪಿನಿಂದಲ್ಲ. ಕಂತೆ ಅವನ ಕೈಗೆ ಮರಳಲಿ ಎಂದೇ ಮಾಡಿದ್ದು.

ಇದಕ್ಕೆ ಮದ್ದು ಸುಲಭ. ನೀವು ಎಣಿಸಿದ ಕಂತೆ ಮತ್ತೆ ಅವನ ಕೈಗೆ ಹೋಗಕೂಡದು. ಕಡಿಮೆ ಇದ್ದರೆ, ಕಂತೆಯ ಮೇಲೆ ಅಂಗೈ ಇಟ್ಟುಕೊಂಡೇ, ಉಳಿದ ನೋಟನ್ನು ಬೇರೆಯಾಗಿ ಮೇಜಿನ ಮೇಲಿಡಲು ಹೇಳಿ. ಅವನು ಮುಟ್ಟಿಯೇಬಿಟ್ಟರೆ ಎಣಿಕೆ ಮತ್ತೆ ಒಂದರಿಂದ. ನಿಮ್ಮ ಹಣವನ್ನು ಕೊಡುವುದು ಎಲ್ಲಕ್ಕಿಂತ ಕೊನೆಗೆ. ಮೊದಲು ಅವರದ್ದು ಮೇಜಿನ ಮೇಲೆ ಬರಲಿ, ನೀವು ಎಣಿಸಿ ಮುಗಿಸಿ, ಆಮೇಲೆ ನಿಮ್ಮದನ್ನು ಮುಂದೆ ತಳ್ಳಿ. ಗಾಜಿನ ಕಿಟಕಿಯ ಕೌಂಟರುಗಳು ಮೊದಲೇ ಕೇಳುತ್ತವೆ, ಯಂತ್ರದಲ್ಲಿ ಪರೀಕ್ಷಿಸಬೇಕಲ್ಲ. ಆಗ ಮೊತ್ತ ಬರೆದ ಚೀಟಿ ಮೊದಲು ನಿಮ್ಮ ಕೈಗೆ ಬರಬೇಕು. ಕೊಡುವಾಗ ‘ನೂರರ ಐದು’ ಎಂದು ಬಾಯಿಬಿಟ್ಟು ಎಣಿಸಿ ಕೊಡಿ. ನೂರರ ಒಂದು ನೋಟನ್ನು ಕೆಳಗಿಳಿಸಿ ಹತ್ತರ ನೋಟನ್ನು ಎತ್ತಿ ತೋರಿಸಿ ‘ನೀವು ಕೊಟ್ಟದ್ದು ಇದು’ ಎನ್ನುವವರಿಗೆ ಅಷ್ಟರಿಂದಲೇ ಬಾಯಿ ಕಟ್ಟುತ್ತದೆ.

ದೊಡ್ಡ ಮೊತ್ತವನ್ನು ಸಣ್ಣ ನೋಟುಗಳಲ್ಲಿ ಕೊಡಲು ಬಂದರೆ ಒಪ್ಪಬೇಡಿ. ನೋಟು ಹೆಚ್ಚಾದಷ್ಟೂ ಎಣಿಕೆ ತಪ್ಪುತ್ತದೆ, ಅವರಿಗೆ ಬೇಕಾದದ್ದೂ ಅದೇ. ನಡುವೆ ಮಡಚಿದ ನೋಟು ಅಂಚಿನಿಂದ ಎಣಿಸುವಾಗ ಎರಡಾಗಿ ಲೆಕ್ಕಕ್ಕೆ ಬರುತ್ತದೆ, ಹಾಗಾಗಿ ಪ್ರತಿ ನೋಟನ್ನೂ ಬಿಡಿಸಿಟ್ಟು ಎಣಿಸಿ. ಸೊನ್ನೆಗಳು ಹೆಚ್ಚಿರುವ ಕರೆನ್ಸಿಯಲ್ಲಿ ಬಣ್ಣವನ್ನಲ್ಲ, ಅಂಕಿಯನ್ನು ಓದಿ. ವಿಯೆಟ್ನಾಂನ 20,000 ಡಾಂಗ್ ನೋಟೂ ನೀಲಿ, 5,00,000 ಡಾಂಗ್ ನೋಟೂ ನೀಲಿ. ಬೆಲೆಯಲ್ಲಿ 25 ಪಟ್ಟು ಅಂತರ. ಮಬ್ಬು ಬೆಳಕಿನಲ್ಲಿ ಟ್ಯಾಕ್ಸಿ ಬಾಡಿಗೆ ಕೊಡುವಾಗ ಇವೆರಡೂ ಅದಲುಬದಲಾಗುತ್ತವೆ. ಹಣ ಕೈಗೆ ಬಂದ ದಿನವೇ ಎರಡನ್ನೂ ಪರ್ಸಿನ ಬೇರೆಬೇರೆ ಕಡೆ ಇಟ್ಟುಬಿಡಿ.

ಹಳೆಯ ನೋಟು, ಸುಕ್ಕು ನೋಟು

ಖೋಟಾ ಅಲ್ಲದಿದ್ದರೂ ಕೆಲಸಕ್ಕೆ ಬಾರದ ನೋಟುಗಳಿರುತ್ತವೆ. ಬ್ರಿಟನ್ನಿನ ಕಾಗದದ 20 ಮತ್ತು 50 ಪೌಂಡ್ ನೋಟುಗಳು 2022ರ ಸೆಪ್ಟೆಂಬರ್ 30ರ ನಂತರ ಚಲಾವಣೆಯಲ್ಲಿಲ್ಲ, ಈಗಿರುವುದು ಪಾಲಿಮರ್. ಡೆನ್ಮಾರ್ಕಿನ 1,000 ಕ್ರೋನರ್ ನೋಟು 2025ರ ಮೇ 31ಕ್ಕೆ ಮುಗಿಯಿತು. ಕ್ರೊಯೇಷಿಯಾ 2023ರ ಜನವರಿ 1ರಿಂದ ಯೂರೊ ಬಳಸುತ್ತಿದೆ, ಕೂನಾ ಯಾವ ಅಂಗಡಿಯಲ್ಲೂ ನಡೆಯುವುದಿಲ್ಲ. ಹಳೆಯ ಪೌಂಡ್ ನೋಟನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಈಗಲೂ ಬದಲಾಯಿಸಿಕೊಡುತ್ತದೆ ನಿಜ, ಆದರೆ ನಾಲ್ಕು ದಿನದ ಪ್ರವಾಸದಲ್ಲಿ ಅದರ ಹಿಂದೆ ಯಾರು ಓಡುತ್ತಾರೆ? ಸ್ನೇಹಿತರು ‘ನಮ್ಮಲ್ಲಿ ಉಳಿದದ್ದು, ನೀವು ಒಯ್ಯಿರಿ’ ಎಂದು ಕೊಡುವ ಕಂತೆಗಳಲ್ಲೂ ಇಂಥವು ಬರುತ್ತವೆ. ಹಾಗೆಂದು ಹಳೆಯದೆಲ್ಲ ಕಸವಲ್ಲ. ಜಪಾನ್ 2024ರ ಜುಲೈ 3ರಂದು ಹೊಸ ನೋಟು ತಂದರೂ ಹಳೆಯವು ನಡೆಯುತ್ತವೆ. 2002ರ ಯೂರೊ ಸರಣಿಯೂ ನಡೆಯುತ್ತದೆ. ಹೊರಡುವ ಮೊದಲು ಆಯಾ ದೇಶದ ಕೇಂದ್ರ ಬ್ಯಾಂಕಿನ ಜಾಲತಾಣದಲ್ಲಿ ಈಗಿನ ನೋಟುಗಳ ಚಿತ್ರ ನೋಡಿ, ಫೋನಿಗೆ ಇಳಿಸಿಟ್ಟುಕೊಳ್ಳಿ.

ಡಾಲರ್ ಕತೆ ಇನ್ನೂ ವಿಚಿತ್ರ. ಅಮೆರಿಕ ತನ್ನ ಹಳೆಯ ನೋಟುಗಳನ್ನು ರದ್ದು ಮಾಡಿಲ್ಲ, ಕಾನೂನಿನ ಪ್ರಕಾರ ಎಲ್ಲವೂ ನಡೆಯಬೇಕು. ಆದರೆ ಅಮೆರಿಕದ ಹೊರಗಿನ ವಿನಿಮಯ ಅಂಗಡಿಗಳು ತಮ್ಮದೇ ಕಾನೂನು ಇಟ್ಟುಕೊಂಡಿವೆ. ಮಡಿಕೆಯ ಗೆರೆ, ಪೆನ್ನಿನ ಗೀಟು, ಸೀಲು, ಮೂಲೆಯಲ್ಲಿ ಸಣ್ಣ ಹರಕು, ಇವುಗಳಲ್ಲಿ ಒಂದಿದ್ದರೂ ಸಾಕು, ನೋಟು ವಾಪಸ್ ಬರುತ್ತದೆ ಅಥವಾ ದರ ಇಳಿಯುತ್ತದೆ. ನೂರು ಡಾಲರ್ ನೋಟಿನಲ್ಲಿ 2013ರ ಅಕ್ಟೋಬರಿನಲ್ಲಿ ಬಂದ, ನಡುವೆ ನೀಲಿ ಪಟ್ಟಿ ಇರುವ ವಿನ್ಯಾಸವನ್ನೇ ಕೇಳಿ ತೆಗೆದುಕೊಳ್ಳಿ. ಪರ್ಸಿನಲ್ಲಿ ಮಡಚಿಡದೆ, ಎರಡು ರಟ್ಟಿನ ನಡುವೆ ಚಪ್ಪಟೆಯಾಗಿ ಒಯ್ಯಿರಿ.

ಎಟಿಎಂ: ಆ ಒಂದು ಪರದೆ

ದರ ಒಂದನ್ನೇ ನೋಡಿದರೆ ಬ್ಯಾಂಕಿನ ಎಟಿಎಂಗೆ ಸಾಟಿ ಇಲ್ಲ. ವೀಸಾ, ಮಾಸ್ಟರ್‌ಕಾರ್ಡ್ ಜಾಲದ ದರ ಮಧ್ಯದರಕ್ಕೆ ಬಹಳ ಹತ್ತಿರ ಇರುತ್ತದೆ, ಆ ದಿನದ ದರವನ್ನು ಅವರ ಜಾಲತಾಣದಲ್ಲೇ ನೋಡಬಹುದು. ಅದರ ಮೇಲೆ ನಿಮ್ಮ ಬ್ಯಾಂಕಿನ ವಿದೇಶಿ ವಹಿವಾಟು ಶುಲ್ಕ, ಜೊತೆಗೆ ಎಟಿಎಂ ಇಟ್ಟವರ ಶುಲ್ಕ ಬೀಳಬಹುದು. ಕೊನೆಯದು ಸಾಮಾನ್ಯವಾಗಿ ಒಂದು ಸಲಕ್ಕೆ ಇಷ್ಟು ಎಂದಿರುತ್ತದೆ. ಸಲಕ್ಕೆ 300 ‘ಬ’ ಹಿಡಿದರೆ, 3,000 ತೆಗೆದವರಿಗೆ ಅದು ಶೇ 10, 15,000 ತೆಗೆದವರಿಗೆ ಶೇ 2. ದಿನಾ ಸ್ವಲ್ಪ ಸ್ವಲ್ಪ ತೆಗೆಯುವುದು ಜಾಣತನದಂತೆ ಕಾಣುತ್ತದೆ, ಖರ್ಚು ಮಾತ್ರ ಅದರದ್ದೇ ಹೆಚ್ಚು. ಮೂರುನಾಲ್ಕು ದಿನಕ್ಕಾಗುವಷ್ಟು ಒಮ್ಮೆಲೇ ತೆಗೆದು, ಎರಡು ಕಡೆ ಹಂಚಿಟ್ಟುಕೊಳ್ಳುವುದು ಮೇಲು.

ಇಷ್ಟೆಲ್ಲ ಉಳಿಸಿದ್ದನ್ನು ಕಸಿಯುವುದು ಒಂದೇ ಪರದೆ. ಪಿನ್ ಒತ್ತಿ, ಮೊತ್ತ ಒತ್ತಿದ ಮೇಲೆ ಯಂತ್ರ ಕೇಳುತ್ತದೆ: ‘ನಿಮ್ಮ ಸ್ವಂತ ಕರೆನ್ಸಿಯಲ್ಲಿ ಇಷ್ಟು ಕಡಿತವಾಗುತ್ತದೆ, ಈ ದರ ಖಚಿತ. ಪರಿವರ್ತನೆಯನ್ನು ಒಪ್ಪುತ್ತೀರಾ?’ ಒಂದು ಕಡೆ ಹಸಿರು ಗುಂಡಿ, ಒಪ್ಪುತ್ತೇನೆ. ಇನ್ನೊಂದು ಕಡೆ, ನಿರಾಕರಿಸುತ್ತೇನೆ. ನಿರಾಕರಿಸಿದರೆ ವಹಿವಾಟೇ ರದ್ದಾಗಿ ಹಣ ಬರುವುದಿಲ್ಲವೇನೋ ಎಂಬ ಅಂಜಿಕೆಯಿಂದ ಬಹಳಷ್ಟು ಮಂದಿ ಹಸಿರು ಒತ್ತುತ್ತಾರೆ. ಪರದೆಯ ಮಾತನ್ನು ಆ ಅಂಜಿಕೆ ಹುಟ್ಟುವ ಹಾಗೆಯೇ ಜೋಡಿಸಿರುತ್ತಾರೆ. ನಿಜಕ್ಕೂ ನಿರಾಕರಿಸುವುದು ಪರಿವರ್ತನೆಯನ್ನು ಮಾತ್ರ, ಹಣ ಬಂದೇ ಬರುತ್ತದೆ. ಲೆಕ್ಕವನ್ನು ನಿಮ್ಮ ಕಾರ್ಡಿನ ಜಾಲ ಮಾಡುತ್ತದೆ, ಅಷ್ಟೇ.

ವ್ಯತ್ಯಾಸ ಎಷ್ಟು? ಒಂದು ‘ಅ’ಗೆ 96 ‘ಬ’ ಇರುವಾಗ 9,600 ‘ಬ’ ತೆಗೆದಿರಿ ಎನ್ನಿ, ಮಧ್ಯದರದಲ್ಲಿ 100 ‘ಅ’. ನಿರಾಕರಿಸಿದರೆ, ನಿಮ್ಮ ಬ್ಯಾಂಕ್ ಶೇ 3 ಹಿಡಿದರೂ ಖಾತೆಯಿಂದ ಹೋಗುವುದು ಸುಮಾರು 103. ಒಪ್ಪಿದರೆ, ಯಂತ್ರ ಶೇ 8 ಸೇರಿಸಿದ್ದರೆ 108. ಅಲ್ಲಿಗೇ ಮುಗಿಯಲಿಲ್ಲ. ಹಣ ನಿಮ್ಮ ಸ್ವಂತ ಕರೆನ್ಸಿಯಲ್ಲೇ ಕಡಿತವಾಗಿದ್ದರೂ ವಹಿವಾಟು ನಡೆದದ್ದು ಹೊರದೇಶದಲ್ಲಿ ಎಂಬ ಕಾರಣಕ್ಕೆ ಕೆಲವು ಬ್ಯಾಂಕುಗಳು ತಮ್ಮ ಶೇ 3ನ್ನು ಬಿಡುವುದಿಲ್ಲ, ಮೊತ್ತ 111 ದಾಟುತ್ತದೆ. ಯೂರೋಪಿಯನ್ ಒಕ್ಕೂಟದಲ್ಲಿ 2020ರ ಏಪ್ರಿಲ್‌ನಿಂದ ಇಂಥ ಪರಿವರ್ತನೆಗೆ ಯೂರೋಪಿಯನ್ ಸೆಂಟ್ರಲ್ ಬ್ಯಾಂಕಿನ ದರಕ್ಕಿಂತ ಶೇಕಡಾ ಎಷ್ಟು ಹೆಚ್ಚು ಹಾಕಿದ್ದೇವೆಂದು ಯೂರೋಪಿನ ಕರೆನ್ಸಿಗಳ ಮಟ್ಟಿಗೆ ಪರದೆಯಲ್ಲೇ ತೋರಿಸಬೇಕೆಂಬ ನಿಯಮ ಬಂತು. ಸಣ್ಣ ಅಕ್ಷರದಲ್ಲಿ ಕಾಣುವ ಆ ಶೇಕಡಾವನ್ನು ಓದಿದವರು ಹಸಿರು ಗುಂಡಿ ಒತ್ತಲಾರರು.

ಯಂತ್ರ ಆರಿಸುವಾಗ ಬ್ಯಾಂಕ್ ಶಾಖೆಗೆ ಅಂಟಿಕೊಂಡದ್ದನ್ನು, ಶಾಖೆ ತೆರೆದಿರುವ ವೇಳೆಯಲ್ಲಿ ಬಳಸಿ. ಕಾರ್ಡ್ ನುಂಗಿದರೆ ಒಳಗೆ ಹೋಗಿ ಕೇಳಲು ಒಬ್ಬರಾದರೂ ಇರುತ್ತಾರೆ. ಪ್ರವಾಸಿಗರ ಬೀದಿಯಲ್ಲಿ, ಅಂಗಡಿಯ ಮೂಲೆಯಲ್ಲಿ ಒಂಟಿಯಾಗಿ ನಿಂತ, ಯಾವ ಬ್ಯಾಂಕಿನ ಹೆಸರೂ ಇಲ್ಲದ ಯಂತ್ರಗಳು ಶುಲ್ಕದಲ್ಲೂ ಪರಿವರ್ತನೆ ದರದಲ್ಲೂ ದುಬಾರಿ. ಕಾರ್ಡ್ ಹಾಕುವ ಬಾಯಿಯನ್ನು ಹಿಡಿದು ಅಲ್ಲಾಡಿಸಿ ನೋಡಿ, ಮೇಲೆ ಅಂಟಿಸಿದ ನಕಲು ಬಾಯಿಯಾಗಿದ್ದರೆ ಕದಲುತ್ತದೆ. ಪಿನ್ ಒತ್ತುವಾಗ ಇನ್ನೊಂದು ಅಂಗೈ ಮೇಲಿರಲಿ. ‘ಸಹಾಯ ಮಾಡಲೇ?’ ಎಂದು ಯಾರಾದರೂ ಹತ್ತಿರ ಬಂದರೆ ರದ್ದು ಗುಂಡಿ ಒತ್ತಿ ಕಾರ್ಡ್ ತೆಗೆದುಕೊಂಡು ಹೊರಡಿ. ಬಳಸುವುದು ಡೆಬಿಟ್ ಕಾರ್ಡ್ ಆಗಿರಲಿ. ಕ್ರೆಡಿಟ್ ಕಾರ್ಡಿನಲ್ಲಿ ನಗದು ತೆಗೆದರೆ ಸಾಮಾನ್ಯವಾಗಿ ಪ್ರತ್ಯೇಕ ಶುಲ್ಕ ಬೀಳುತ್ತದೆ, ಬಡ್ಡಿ ಆ ದಿನದಿಂದಲೇ ಓಡುತ್ತದೆ. ನಾಲ್ಕಂಕಿಗಿಂತ ಉದ್ದದ ಪಿನ್ನನ್ನು ಕೆಲವು ಯಂತ್ರಗಳು ಒಪ್ಪುವುದಿಲ್ಲ, ಬದಲಾಯಿಸುವುದಿದ್ದರೆ ಹೊರಡುವ ಮೊದಲೇ ಬದಲಾಯಿಸಿ. ‘ನಿರಾಕರಿಸು’ ಒತ್ತಲು ಗೊತ್ತಿದ್ದವರಿಗೆ ಈ ಸೇವೆಗೆ ಹತ್ತಕ್ಕೆ ಒಂಬತ್ತು. ಗೊತ್ತಿಲ್ಲದವರಿಗೆ ನಾಲ್ಕು.

ಅಂಗಡಿಯ ಕಾರ್ಡ್ ಯಂತ್ರದಲ್ಲೂ ಇದೇ ಪ್ರಶ್ನೆ ಬರುತ್ತದೆ. ಅಲ್ಲಿನ ಅಪಾಯ, ಗುಂಡಿ ಒತ್ತುವವರು ನೀವಲ್ಲ. ಎಷ್ಟೋ ಸಲ ಕೌಂಟರಿನವರೇ ಒಪ್ಪಿಗೆ ಒತ್ತಿ ಯಂತ್ರವನ್ನು ನಿಮ್ಮ ಕಡೆ ತಿರುಗಿಸುತ್ತಾರೆ. ಆಯ್ಕೆ ಕಾರ್ಡುದಾರರದ್ದು ಎಂಬುದು ಕಾರ್ಡ್ ಜಾಲಗಳದ್ದೇ ನಿಯಮ. ಪಿನ್ ಒತ್ತುವ ಮೊದಲು ಪರದೆಯಲ್ಲಿ ಯಾವ ಕರೆನ್ಸಿ ಇದೆ ನೋಡಿ. ಚೀಟಿಯಲ್ಲಿ ಎರಡು ಕರೆನ್ಸಿ, ಒಂದು ದರ ಕಂಡರೆ ಪರಿವರ್ತನೆ ನಡೆದಿದೆ ಎಂದರ್ಥ. ಅಲ್ಲೇ ನಿಂತು ವಹಿವಾಟನ್ನು ರದ್ದು ಮಾಡಿಸಿ, ಸ್ಥಳೀಯ ಕರೆನ್ಸಿಯಲ್ಲಿ ಮತ್ತೆ ಮಾಡಿಸಿ. ಬಾಗಿಲು ದಾಟಿದ ಮೇಲೆ ಅದು ದೂರು, ಪತ್ರ, ಕಾಯುವಿಕೆಯ ವ್ಯವಹಾರ. ಹೋಟೆಲ್ ಬಿಡುವ ಬೆಳಿಗ್ಗೆ, ವಿಮಾನದ ಅವಸರದಲ್ಲಿ, ಇದು ಹೆಚ್ಚಾಗಿ ನಡೆಯುತ್ತದೆ.

ಮುಂಗಡ ತುಂಬಿಸುವ ಫಾರೆಕ್ಸ್ ಕಾರ್ಡ್

ದರ ಏರಿಳಿತದ ತಲೆನೋವು ತಪ್ಪಿಸುತ್ತದೆಂದು ಇದನ್ನು ಮಾರುತ್ತಾರೆ. ತುಂಬಿಸಿದ ದಿನದ ದರ ಗಟ್ಟಿಯಾಗುತ್ತದೆ, ಅದು ನಿಜ. ಆದರೆ ತುಂಬಿಸುವ ದರದಲ್ಲೇ ಅವರ ಲಾಭ ಸೇರಿರುತ್ತದೆ. ‘ವಿದೇಶದಲ್ಲಿ ಶುಲ್ಕವಿಲ್ಲ’ ಎಂಬುದು ಮತ್ತೆ ಆ ‘ಕಮಿಷನ್ ಸೊನ್ನೆ’ ಬೋರ್ಡಿನ ಸೋದರಸಂಬಂಧಿ. ತುಂಬಿಸದ ಕರೆನ್ಸಿಯಲ್ಲಿ ಖರ್ಚು ಮಾಡಿದರೆ ಅಡ್ಡ ಪರಿವರ್ತನೆಯ ಶುಲ್ಕ. ಉಳಿದದ್ದನ್ನು ಮರಳಿಸುವಾಗ ಅವರ ಕೊಳ್ಳುವ ದರ. ಬಹಳ ಕಾಲ ಬಳಸದಿದ್ದರೆ ಕೆಲವು ಕಾರ್ಡುಗಳಲ್ಲಿ ಅದಕ್ಕೂ ಶುಲ್ಕ. ಕಾರು ಬಾಡಿಗೆಗೆ ಕೊಡುವವರಲ್ಲಿ ಕೆಲವರು ಮುಂಗಡ ಕಾರ್ಡನ್ನು ಠೇವಣಿಗೆ ಒಪ್ಪುವುದಿಲ್ಲ. ಒಪ್ಪಿದರೂ ತಡೆಹಿಡಿದ ಮೊತ್ತ ಬಿಡುಗಡೆಯಾಗಲು ದಿನಗಟ್ಟಲೆ ಹಿಡಿದು, ಅಷ್ಟರವರೆಗೆ ಕಾರ್ಡಿನಲ್ಲಿ ಹಣವಿದ್ದೂ ಇಲ್ಲದಂತೆ. ಇದರ ನಿಜವಾದ ಗುಣ ಬೇರೆ. ಕಳೆದುಹೋದರೆ ಹೋಗುವುದು ತುಂಬಿಸಿದಷ್ಟು ಮಾತ್ರ, ಮುಖ್ಯ ಖಾತೆ ತಣ್ಣಗಿರುತ್ತದೆ. ಎರಡನೆಯ ಕಾರ್ಡಾಗಿ ಒಯ್ಯಲು ಹತ್ತಕ್ಕೆ ಆರು ಕೊಡಬಹುದು. ಒಂದೇ ಕಾರ್ಡಾಗಿ ಬೇಡ. ಎರಡು ಕಾರ್ಡ್ ಇದ್ದರೆ ಒಂದು ವೀಸಾ, ಒಂದು ಮಾಸ್ಟರ್‌ಕಾರ್ಡ್ ಇರಲಿ, ಒಂದೇ ಪರ್ಸಿನಲ್ಲಿ ಎರಡನ್ನೂ ಇಡಬೇಡಿ.

ವಾರಾಂತ್ಯದ ಒಂದು ಸೂಕ್ಷ್ಮವೂ ಇದೆ. ವಿದೇಶಿ ವಿನಿಮಯ ಮಾರುಕಟ್ಟೆ ಶುಕ್ರವಾರ ನ್ಯೂಯಾರ್ಕಿನ ಸಂಜೆಯಿಂದ ಭಾನುವಾರ ಸಂಜೆಯವರೆಗೆ ಮುಚ್ಚಿರುತ್ತದೆ. ಸೋಮವಾರ ದರ ಎಲ್ಲಿಗೆ ಏರುತ್ತದೋ ಎಂಬ ಭಯಕ್ಕೆ ಅಂಗಡಿಗಳೂ ಕೆಲವು ಆ್ಯಪ್ ಕಾರ್ಡುಗಳೂ ಆ ಎರಡು ದಿನ ಅಂತರ ಹಿಗ್ಗಿಸುತ್ತವೆ. ದೊಡ್ಡ ಮೊತ್ತವಿದ್ದರೆ ವಾರದ ನಡುವೆ ಬದಲಾಯಿಸಿ.

ಬದಲಾಯಿಸಿದ ಮೇಲೆ

ಕೌಂಟರಿನಿಂದ ಹೊರಬಂದ ಐದು ನಿಮಿಷವೂ ಈ ಸೇವೆಯ ಭಾಗವೇ. ಹಣವನ್ನು ಒಳಗೇ ಪರ್ಸಿಗೆ ಸೇರಿಸಿಕೊಂಡು ಹೊರಗೆ ಬನ್ನಿ, ಬೀದಿಯಲ್ಲಿ ಎಣಿಸಬೇಡಿ. ಸಾದಾ ಉಡುಪಿನ ಇಬ್ಬರು ಗುರುತುಚೀಟಿ ಮಿಂಚಿಸಿ ‘ಪೊಲೀಸ್, ಖೋಟಾ ನೋಟಿನ ತಪಾಸಣೆ, ಪರ್ಸ್ ಕೊಡಿ’ ಎನ್ನುವ ಆಟ ಹಲವು ದೇಶಗಳಲ್ಲಿ ನಡೆಯುತ್ತದೆ. ರಸ್ತೆಯಲ್ಲಿ ನಿಂತು ಪ್ರವಾಸಿಗರ ನೋಟು ಪರೀಕ್ಷಿಸುವುದು ಪೊಲೀಸರ ಕೆಲಸವಲ್ಲ. ಪರ್ಸ್ ತೆಗೆಯದೆ, ‘ಠಾಣೆಗೇ ಬಂದು ತೋರಿಸುತ್ತೇನೆ’ ಎಂದು ಜನರಿರುವ ಕಡೆ ನಡೆಯಿರಿ. ಸುಳ್ಳು ಪೊಲೀಸರಿಗೆ ಠಾಣೆಯ ದಾರಿ ಬೇಕಾಗಿರುವುದಿಲ್ಲ.

ರಸೀದಿಯನ್ನು ಊರಿಗೆ ಮರಳುವವರೆಗೆ ಇಟ್ಟುಕೊಳ್ಳಿ. ತುನೀಷಿಯಾದ ದಿನಾರ್ ಆ ದೇಶದ ಹೊರಗೆ ಒಯ್ಯುವಂತಿಲ್ಲ. ಮೊರಾಕ್ಕೊದಲ್ಲಿ 2,000 ದಿರ್ಹಮ್‌ವರೆಗೆ ಮಾತ್ರ ಅವಕಾಶ. ಇಂಥ ಕಡೆ ಉಳಿದ ಹಣವನ್ನು ಹೊರಡುವ ಮೊದಲು ಮರಳಿ ಬದಲಾಯಿಸಬೇಕು, ಅದಕ್ಕೆ ಮೊದಲ ಬದಲಾವಣೆಯ ರಸೀದಿ ಕೇಳುತ್ತಾರೆ. ಹೆಚ್ಚು ನಗದು ಒಯ್ಯುವವರು ಸುಂಕದ ಘೋಷಣೆಯನ್ನೂ ಮರೆಯುವಂತಿಲ್ಲ. ಅಮೆರಿಕದಲ್ಲಿ 10,000 ಡಾಲರ್ ಮೀರಿದರೆ, ಯೂರೋಪಿಯನ್ ಒಕ್ಕೂಟದ ಗಡಿಯಲ್ಲಿ 10,000 ಯೂರೊ ಮುಟ್ಟಿದರೆ ಬರೆದು ಕೊಡಬೇಕು. ಒಯ್ಯುವುದು ತಪ್ಪಲ್ಲ, ಹೇಳದಿರುವುದು ತಪ್ಪು.

ಮರಳಿ ಬದಲಾಯಿಸುವುದು ಎಷ್ಟು ದುಬಾರಿ ಎಂದು ತಿಳಿಯಲು ಮೊದಲ ಅಂಗಡಿಗೇ ಹೋಗೋಣ. 500 ಕೊಟ್ಟು 44,000 ತಂದಿರಿ, ಒಂದು ಪೈಸೆಯನ್ನೂ ಖರ್ಚು ಮಾಡದೆ ಅದೇ ದಿನ ಮರಳಿಸಿದಿರಿ ಎನ್ನಿ. ಈಗ ಅನ್ವಯಿಸುವುದು ಮಾರುವ ದರ 104. ಕೈಗೆ ಬರುವುದು 423. ಹೋಗಿ ಬಂದದ್ದಕ್ಕೇ 77 ಖಾಲಿ. ಆದ್ದರಿಂದ ಕೊನೆಯ ದಿನ ಉಳಿದ ನೋಟುಗಳನ್ನೆಲ್ಲ ಹೋಟೆಲ್ ಬಿಲ್ಲಿಗೆ ಹಾಕಿ, ಬಾಕಿಯನ್ನು ಮಾತ್ರ ಕಾರ್ಡಿನಲ್ಲಿ ಕೊಡಿ. ಬಹುತೇಕ ಹೋಟೆಲುಗಳು ಹೀಗೆ ಎರಡು ಪಾಲು ಮಾಡಿ ತೆಗೆದುಕೊಳ್ಳಲು ತಕರಾರು ಮಾಡುವುದಿಲ್ಲ. ನಾಣ್ಯಗಳನ್ನು ಅದಕ್ಕೂ ಮೊದಲೇ ಖರ್ಚು ಮಾಡಿ. ವಿನಿಮಯ ಅಂಗಡಿಗಳು ಸಾಮಾನ್ಯವಾಗಿ ನಾಣ್ಯ ಮುಟ್ಟುವುದಿಲ್ಲ. ಎರಡು ಯೂರೊದಂಥ, 500 ಯೆನ್ನಿನಂಥ ಬೆಲೆಬಾಳುವ ನಾಣ್ಯಗಳೇ ಜೇಬಿನ ತಳದಲ್ಲಿ ಉಳಿದು ಊರು ಸೇರುತ್ತವೆ.